ಮಾದರಿಗೆ ಬಂದ ಮೂರು ಸಿ.ಡಿ.ಗಳು

ಮೂರು ಸಿ.ಡಿ.ಗಳಿದ್ದವು. ನಾಲ್ಕಿದ್ದವು ಎಂದು ದೊಡ್ಡಪ್ಪ ಕೊನೆಯವರೆಗೂ ಹೇಳುತ್ತಿದ್ದರು. ನಾಲ್ಕನೆಯದು ಯಾವುದೋ ತಾಳಮದ್ದಳೆಯದ್ದು, ಅದೇ ಪೊಟ್ಟಣದಲ್ಲಿ ತಪ್ಪಿ ಬಂದಿತ್ತು ಎಂದು ದೊಡ್ಡಮ್ಮ. ನಾನು ಮೂರು ಎಂದೇ ಬರೆಯುತ್ತೇನೆ, ಯಾಕೆಂದರೆ ನನಗೆ ನೆನಪಿರುವ ಬಣ್ಣಗಳು ಮೂರೇ: ನೀಲಿ, ಹಸಿರು, ಕಂದು. ಕಂಪ್ಯೂಟರ್ ಎದ್ದ ಕೂಡಲೇ ಪರದೆ ತುಂಬ ಬರುತ್ತಿದ್ದ ಬಣ್ಣ ಅದು. ಅವುಗಳ ನಿಜವಾದ ಹೆಸರು ನನಗೆ ಗೊತ್ತು. ಆದರೆ ಆ ಮನೆಯಲ್ಲಿ ಯಾರೂ ಅವನ್ನು ಆ ಹೆಸರಿನಿಂದ ಕರೆದವರಲ್ಲ, ಹಾಗಾಗಿ ಇಲ್ಲೂ ಬೇಡ.

ಇಸವಿ ಎರಡು ಸಾವಿರದ ಆರೋ ಏಳೋ ಇರಬೇಕು. ನನ್ನ ಕಿಸೆಯಲ್ಲಿ ಮೊಬೈಲ್ ಇತ್ತು, ಆದರೂ ಕೊಪ್ಪದಿಂದ ಫೋನ್ ಬಂದದ್ದು ಶೃಂಗೇರಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲೀಕರ ಲ್ಯಾಂಡ್‌ಲೈನಿಗೆ. ಆ ಎರಡು ಸಂಗತಿಗಳ ನಡುವೆ ಎಲ್ಲೋ ಈ ಕತೆಯನ್ನು ಇಟ್ಟುಕೊಳ್ಳಬಹುದು.

ದೊಡ್ಡಮ್ಮ, ಅಂದರೆ ನನ್ನ ಅಮ್ಮನ ಅಕ್ಕ, ಕೊಪ್ಪದಲ್ಲಿ ಅರ್ಜಿ ಟೈಪು ಮಾಡುತ್ತಿದ್ದಳು. ಕಚೇರಿಗಳಿರುವ ರಸ್ತೆಯಲ್ಲಿ ಒಂದು ಹಳೆಯ ಕಟ್ಟಡ. ಅದರ ಜಗಲಿಯ ಬಲತುದಿಯಲ್ಲಿ ಒಂದು ಮೇಜು. ಮೇಜಿನ ಮೇಲೆ ಹಸಿರು ಬಣ್ಣ ಎದ್ದುಹೋದ ಕನ್ನಡ ಟೈಪ್‌ರೈಟರ್. ಬಂದವರಿಗೆ ಅವಳದ್ದು ಮೂರೇ ಪ್ರಶ್ನೆ.

"ಯಾರಿಗೆ ಬರೀಬೇಕು? ಎಂತ ಆತು? ಎಂತ ಆಗ್ಬೇಕು?"

ಎರಡನೆಯ ಪ್ರಶ್ನೆಗೆ ಜನ ಅರ್ಧ ಗಂಟೆ ಉತ್ತರ ಹೇಳುತ್ತಿದ್ದರು. ಅಜ್ಜನ ಕಾಲದಿಂದ ಶುರುವಾಗಿ, ದನ ಬೇಲಿ ಹಾರಿದ್ದು, ಅದಕ್ಕೆ ಭಾವನೆಂಟ ಮಾತು ಬಿಟ್ಟದ್ದು, ಮದುವೆಗೆ ಕರೆಯದೆ ಇದ್ದದ್ದು, ಎಲ್ಲವೂ ಬರುತ್ತಿತ್ತು. ಅವಳು ಒಂದು ಸಲವೂ ತಡೆಯುತ್ತಿರಲಿಲ್ಲ. ಕೊನೆಗೆ ಬೆರಳು ಕೀಲಿಗಳ ಮೇಲೆ ಇಟ್ಟರೆ ಹನ್ನೆರಡು ಸಾಲು. ಅದರಲ್ಲಿ ದನವೂ ಇಲ್ಲ, ಭಾವನೆಂಟನೂ ಇಲ್ಲ. ಬಂದವನಿಗೆ ಬೇಕಾದದ್ದು ಮಾತ್ರ ಇರುತ್ತಿತ್ತು, ಮತ್ತು ಅದು ಅವನಿಗೇ ಆಗ ಗೊತ್ತಾಗುತ್ತಿತ್ತು. ಓದಿ ಹೇಳಿದಾಗ "ಹೌದು, ಇದೇ ನಾ ಹೇಳಿದ್ದು" ಎನ್ನುತ್ತಿದ್ದರು. ಅವರು ಹಾಗೆ ಹೇಳಿರುತ್ತಲೇ ಇರಲಿಲ್ಲ. ನಾನು ಇಷ್ಟು ವರ್ಷ ಬರೆದರೂ ಆ ಹನ್ನೆರಡು ಸಾಲು ನನಗೆ ಒಲಿದಿಲ್ಲ.

ಇನ್ನೊಂದು ಪದ್ಧತಿಯನ್ನು ಈಗಲೇ ಹೇಳಬೇಕು, ಮುಂದೆ ಬೇಕಾಗುತ್ತದೆ. ಟೈಪಾದ ಮೇಲೆ ಕರಡು ಕಾಗದಗಳನ್ನು ಅವಳು ಸಂಜೆ ಮನೆಗೆ ತಂದು ಬಚ್ಚಲ ಒಲೆಗೆ ಹಾಕುತ್ತಿದ್ದಳು. "ಊರವರ ಗುಟ್ಟು ನಮ್ಮನೇಲಿ ಎಂತಕ್ಕೆ ಇರ್ಬೇಕು?" ಎಂಬುದು ಅವಳ ನಿಯಮ. "ನಮ್ಮನೆ ಬಿಸಿನೀರು ಇಡೀ ತಾಲ್ಲೂಕಿನ ಕಷ್ಟದಲ್ಲಿ ಕಾಯ್ತದೆ ಮಾರಾಯ" ಎಂದು ದೊಡ್ಡಪ್ಪ ಸ್ನಾನಕ್ಕೆ ಹೋಗುವಾಗೆಲ್ಲ ಹೇಳುತ್ತಿದ್ದರು. ಅವರ ಮೈ ಒರೆಸುವ ಟುವಾಲು ನೆನಪಿದೆ, ಹೇಳುವಾಗಿನ ಮುಖ ನೆನಪಿಲ್ಲ.

ಆ ವರ್ಷ ಟೈಪ್‌ರೈಟರ್ ಕೈಕೊಟ್ಟಿತು. ಕಾಗದ ಹೊತ್ತು ಓಡಾಡುವ ಭಾಗದ ಪಟ್ಟಿ ಹರಿದು, ಸಾಲಿನ ಕೊನೆಯಲ್ಲಿ ಅಕ್ಷರದ ಮೇಲೆ ಅಕ್ಷರ ಬೀಳುತ್ತಿತ್ತು. ಶಿವಮೊಗ್ಗದಿಂದ ಆಗಾಗ ಬಂದು ರಿಪೇರಿ ಮಾಡುತ್ತಿದ್ದ ಮುದುಕರು ಬರುವುದು ನಿಂತಿತ್ತು. ಅದೇ ಹೊತ್ತಿಗೆ ಅರ್ಜಿ ತೆಗೆದುಕೊಳ್ಳುವ ಗುಮಾಸ್ತರು, ಅವಳ ಹತ್ತಿರವೇ ತಮ್ಮ ವರ್ಗಾವಣೆ ಅರ್ಜಿ ಟೈಪು ಮಾಡಿಸಿಕೊಂಡವರು, ಬಹಳ ಸಂಕೋಚದಿಂದ, "ಅಮ್ಮ, ಕಂಪ್ಯೂಟರಲ್ಲಿ ಹೊಡ್ಸಿದ್ರೆ ಓದಕ್ಕೆ ಸುಲಭ ಅಂತಾರೆ ಮೇಲಿನೋರು" ಎಂದರಂತೆ.

"ಒಂದು ತಿಂಗಳು ನೋಡ್ತೀನಿ," ಎಂದಳು ದೊಡ್ಡಮ್ಮ ನನ್ನ ಹತ್ತಿರ. "ಆಗ್ಲಿಲ್ಲ ಅಂದ್ರೆ ಮೇಜಿನ ಜಾಗ ಜೆರಾಕ್ಸ್‌ನೋರಿಗೆ ಬಿಟ್ಕೊಡದು. ಅವ್ರು ಕೇಳ್ತಾ ಇದಾರೆ. ಖಾಲಿ ಮೇಜಿಟ್ಕೊಂಡು ಕೂತ್ಕಳಕ್ಕೆ ನಾನೇನು ಜ್ಯೋತಿಷಿಯಾ?"

ಮನೆಯಲ್ಲಿ ಒಂದು ಕಂಪ್ಯೂಟರ್ ಆಗಲೇ ಬಂದು ಕೂತಿತ್ತು. ನೆಂಟರೊಬ್ಬರ ಆಫೀಸಿನಿಂದ ಬದಲಾಯಿಸಿ ತೆಗೆದಿಟ್ಟದ್ದು, ಜೊತೆಗೊಂದು ಪ್ರಿಂಟರ್. ಅದರಲ್ಲಿ ಇದ್ದದ್ದು ಯಾರದೋ ಪ್ರತಿಯಿಂದ ಪ್ರತಿ ಮಾಡಿ ಹಾಕಿದ ವ್ಯವಸ್ಥೆ. ಮದುವೆ ಫೋಟೋ ತೋರಿಸಲು ಬಂದ ಯಾರೋ ಪೆನ್‌ಡ್ರೈವ್ ಚುಚ್ಚಿ ಹೋದ ಮೇಲೆ ಅದಕ್ಕೆ ವೈರಸ್ ಬಡಿದಿತ್ತು. ಒಂದು ಫೋಲ್ಡರ್ ತೆರೆದರೆ ಒಳಗೆ ಅದೇ ಹೆಸರಿನ ಇನ್ನೊಂದು, ಅದರೊಳಗೆ ಮತ್ತೊಂದು. "ಬಾಗ್ಲು ತೆಗ್ದು ಒಳಗೆ ಹೋದ್ರೆ ಮತ್ತೆ ಜಗಲಿಗೇ ಬಂದು ನಿಂತಿರ್ತೀನಿ" ಎಂದಳು ದೊಡ್ಡಮ್ಮ. ವೈರಸ್ಸಿನ ವರ್ಣನೆ ಇದಕ್ಕಿಂತ ಚೆನ್ನಾಗಿ ಯಾರೂ ಮಾಡಿದ್ದು ನಾನು ಕೇಳಿಲ್ಲ.

ನಾನಾಗ ಶೃಂಗೇರಿಯ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ನನ್ನ ಸ್ವಂತ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಕೆಡಿಸಿ, ಮತ್ತೆ ಹಾಕಿ, ಅದೇ ಒಂದು ಚಟವಾಗಿತ್ತು. ಆ ಭಾನುವಾರ ಕೊಪ್ಪಕ್ಕೆ ಹೋದವನು ಹೇಳಿದೆ:

"ಲಿನಕ್ಸ್ ಅಂತ ಇದೆ ದೊಡ್ಡಮ್ಮ. ವೈರಸ್ ಕಾಟ ಇಲ್ಲ. ಕನ್ನಡದಲ್ಲೇ ಮೆನು ಬರ್ತದೆ."

"ಯಾರದ್ದು ಅದು?" ಎಂದರು ದೊಡ್ಡಪ್ಪ.

"ಯಾರದ್ದೂ ಅಂತಲ್ಲ. ಎಲ್ಲಾರೂ ಸೇರಿ ಮಾಡಿದ್ದು. ಒಳಗೆ ಎಂತ ಬರ್ದಿದಾರೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡ್ಬೋದು, ತಿದ್ಬೋದು, ಬೇರೆಯವ್ರಿಗೆ ಕೊಡ್ಬೋದು."

"ಗೋಮಾಳ ಇದ್ದ ಹಾಗೆ."

"ಹೌದು, ಗೋಮಾಳದ ಥರ."

"ಹಂಗಾದ್ರೆ ಬೇಲಿ ಹಾಕೋರು ಬಂದೇ ಬರ್ತಾರೆ. ನೋಡ್ತಿರು."



ಲಿನಕ್ಸ್ ಎನ್ನುವುದು ಒಂದೇ ಅಲ್ಲ, ಹಲವು ತಂಡಗಳು ತಮ್ಮ ತಮ್ಮ ರುಚಿಗೆ ಕಟ್ಟಿಕೊಟ್ಟ ಹಲವು ಬಗೆಗಳಿವೆ, ಹೊಸಬರಿಗೆ ಯಾವುದು ಸುಲಭ ಎಂದು ಆರಿಸಬೇಕು ಎಂಬ ಮಾತು ಬಂದಾಗ ನರಸಿಂಹರಾಜಪುರದ ನನ್ನ ಗೆಳೆಯನ ನೆನಪಾಯಿತು. ಅವನದ್ದು ರೇಡಿಯೊ, ಟಿ.ವಿ. ರಿಪೇರಿ ಅಂಗಡಿ. ಕಂಪ್ಯೂಟರ್ ಪತ್ರಿಕೆ ತರಿಸುತ್ತಿದ್ದ, ಪತ್ರಿಕೆಯ ಜೊತೆ ಸಿ.ಡಿ. ಬರುತ್ತಿತ್ತು. ನಮ್ಮ ಫೋನ್ ಲೈನಿನ ಇಂಟರ್ನೆಟ್ಟಿನಲ್ಲಿ ಅಷ್ಟು ದೊಡ್ಡದನ್ನು ಇಳಿಸಿಕೊಳ್ಳಲು ಹೊರಟರೆ ಒಂದು ಮಳೆಗಾಲ ಬೇಕಾಗುತ್ತಿತ್ತು. ಆದ್ದರಿಂದ ನಮ್ಮ ಕಡೆ ಎಲ್ಲ ವಸ್ತುಗಳೂ ಬರುವ ಹಾಗೆ ಅವೂ ಬಸ್ಸಿನಲ್ಲಿ ಬಂದವು. ಹಳೆಯ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಮೇಲೆ "ಕೊಪ್ಪ, ಟೈಪಿಂಗ್ ಅಮ್ಮ" ಎಂದಷ್ಟೇ ಬರೆದು, ಕಂಡಕ್ಟರ ಕೈಗೆ. ಕಂಡಕ್ಟರ್ ಅದನ್ನು ಮೊಸರವಲಕ್ಕಿ ಬುತ್ತಿಯಂತೆ ಅಡ್ಡಡ್ಡ ಹಿಡಿಯದೆ ಜೋಪಾನವಾಗಿ ತಂದುಕೊಟ್ಟರು ಎಂದು ದೊಡ್ಡಮ್ಮ ಹೊಗಳಿದಳು.

ಈಗ ದೊಡ್ಡಪ್ಪನನ್ನು ಪೂರ್ತಿಯಾಗಿ ಒಳಗೆ ಕರೆಯಬೇಕು. ಅವರು ಕೊಪ್ಪದ ಒಂದು ಅಡಿಕೆ ಮಂಡಿಯಲ್ಲಿ ಬಹಳ ವರ್ಷ ಮಾದರಿ ನೋಡುವ ಕೆಲಸ ಮಾಡಿ ನಿವೃತ್ತರಾದವರು. ಚೀಲದ ಬಾಯಿ ಬಿಚ್ಚಿ, ಮೇಲಿನದನ್ನು ಬಿಟ್ಟು, ಮೊಣಕೈವರೆಗೆ ಕೈ ಇಳಿಸಿ ನಡುವಿನಿಂದ ಒಂದು ಮುಷ್ಟಿ ತೆಗೆಯುವುದು, ತಟ್ಟೆಗೆ ಹಾಕುವುದು, ಒಂದನ್ನು ಕಚ್ಚಿ ಒಡೆದು ಒಳಗಿನ ಬಣ್ಣ ನೋಡುವುದು, ಏನೂ ಮಾತಾಡದೆ ಬೆರಳಲ್ಲಿ ದರ್ಜೆ ತೋರಿಸುವುದು. ಕಂಪ್ಯೂಟರಿನ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಆದರೆ ಮೂರರಲ್ಲಿ ಒಂದನ್ನು ಆರಿಸಬೇಕು ಎಂದ ಕೂಡಲೇ ಅವರ ಕೈ ಜಾಗೃತವಾಯಿತು.

"ಈ ಸಿ.ಡಿ.ಗಳಲ್ಲಿ ಒಂದು ಅನುಕೂಲ ಇದೆ," ಎಂದೆ. "ಕಂಪ್ಯೂಟರಿಗೆ ಹಾಕಿ ಬಿಡ್ಬೇಕು ಅಂತಿಲ್ಲ. ಸಿ.ಡಿ.ಯಿಂದಲೇ ಓಡ್ಸಿ ನೋಡ್ಬೋದು. ಇಷ್ಟ ಆದ್ರೆ ಆಮೇಲೆ ಕಂಪ್ಯೂಟರಿನೊಳಗೆ ಇಳಿಸಿಕೊಳ್ಳದು. ನಿಮ್ಮ ಮಾದರಿ ಇದ್ದ ಹಾಗೆ."

ಈ ಕೊನೆಯ ವಾಕ್ಯ ಮುಖ್ಯ. ಅದನ್ನು ಹೇಳಿದವನು ನಾನು ಎಂದು ನನ್ನ ನೆನಪು. ತಾವೇ ಹೇಳಿದ್ದೆಂದು ದೊಡ್ಡಪ್ಪ. ಅವರು ಹಾಗೆ ಹೇಳಿದ್ದು ಮುಂದಾದ ಎಡವಟ್ಟಿನಿಂದ ನನ್ನನ್ನು ಪಾರುಮಾಡಲು ಇರಬಹುದು, ಅಥವಾ ಆ ಹೋಲಿಕೆ ಅಷ್ಟು ಚೆನ್ನಾಗಿದ್ದುದರಿಂದ ತಮ್ಮದೇ ಎಂದು ಅವರಿಗೆ ನಿಜವಾಗಿ ಅನಿಸಿರಬಹುದು. ನಾನೂ ಆ ಕಾರಣಕ್ಕೇ ಅದನ್ನು ನನ್ನದೆನ್ನುತ್ತಿರಬಹುದು.

ಒಂದೊಂದು ಸಿ.ಡಿ.ಗೆ ಒಂದೊಂದು ವಾರ ಎಂದು ಅವರು ನಿಗದಿ ಮಾಡಿದರು. ಅವರು ಪರೀಕ್ಷೆ ಮಾಡುವ ರೀತಿ ನೋಡಿ ನಾನು ದಂಗಾದೆ. ನಾನಾದರೆ ಪರದೆಯ ಅಂದ, ಕಿಟಕಿ ತೆರೆಯುವ ಚೆಂದ ನೋಡಿ ಮರುಳಾಗುತ್ತಿದ್ದೆ. "ಅದೆಲ್ಲ ಚೀಲದ ಬಾಯಿ ಮಾರಾಯ. ಮೇಲಿಂದು ಯಾವಾಗ್ಲೂ ಚೆನ್ನಾಗೇ ಇರ್ತದೆ" ಎಂದು ಅವರು ಕಣ್ಣುಮುಚ್ಚಿ ಮೌಸನ್ನು ಮೆನುವಿನ ನಡುವೆ ಎಲ್ಲೋ ಒತ್ತುತ್ತಿದ್ದರು. ಕ್ಯಾಲ್ಕುಲೇಟರ್ ಬಂದರೆ ಅದು. ಗಡಿಯಾರ ತಿದ್ದುವ ಜಾಗ ಬಂದರೆ ಅದು. ಅಲ್ಲಿ ನಿಂತು, ತಿಳಿಯದವನು ಏನೇನು ತಪ್ಪು ಮಾಡಬಹುದೋ ಅದನ್ನೆಲ್ಲ ಬೇಕೆಂದೇ ಮಾಡುತ್ತಿದ್ದರು. ತಪ್ಪು ಮಾಡಿದಾಗ ಅದು ಏನು ಹೇಳುತ್ತದೆ, ಅರ್ಥವಾಗುವ ಹಾಗೆ ಹೇಳುತ್ತದೋ ಇಲ್ಲವೋ, ಅದೇ ಅವರಿಗೆ ಅಡಿಕೆಯ ಒಳಬಣ್ಣ. ಹೊಸಬರಿಗೆ ಸುಲಭವಾದ ವ್ಯವಸ್ಥೆ ಯಾವುದು ಎಂದು ಆಮೇಲೆ ನಾನು ಎಷ್ಟೋ ಕಡೆ ಓದಿದ್ದೇನೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾರೂ ಬರೆದಿಲ್ಲ.

ನೀಲಿ ಮೊದಲ ವಾರ ಬಂತು. ಬಲು ಚುರುಕು. ಆದರೆ ಅದರಲ್ಲಿ ಕನ್ನಡದ ಒತ್ತಕ್ಷರಗಳು ತಮ್ಮ ಅಕ್ಷರದ ಕಾಲಬುಡ ಬಿಟ್ಟು ಪಕ್ಕಕ್ಕೆ ಹೋಗಿ ನಿಲ್ಲುತ್ತಿದ್ದವು. "ಗಂಡ ಹೆಂಡ್ತಿ ಜಗಳ ಆದ ಹಾಗಿದೆ. ಬೇಡ" ಎಂದಳು ದೊಡ್ಡಮ್ಮ. ಹಸಿರು ಎರಡನೆಯ ವಾರ. ಅಕ್ಷರ ಚೆಂದ, ಮೆನು ಕನ್ನಡದಲ್ಲೇ. "ಕಡತ" ಎಂಬ ಪದ ಪರದೆಯ ಮೇಲೆ ನೋಡಿ ಅವಳು, ಕಚೇರಿಯ ಅಷ್ಟು ವರ್ಷದ ಒಡನಾಟದಲ್ಲಿ ಕೇಳಿದ ಪದ ಇಲ್ಲಿಗೂ ಬಂತಲ್ಲ ಎಂದು ಸಂತೋಷಪಟ್ಟಳು. ಆದರೆ ಪ್ರಿಂಟರಿನ ಪರಿಚಯವೇ ಅದಕ್ಕಿರಲಿಲ್ಲ. ನಾನು ಎರಡು ಭಾನುವಾರ ಗುದ್ದಾಡಿದೆ. "ಒಳ್ಳೆ ಹಸ ಅಡಿಕೆ, ಮೇಲಿನ ದರ್ಜೆದೇ, ಆದ್ರೆ ತಗಳೋರಿಲ್ಲ" ಎಂದು ದೊಡ್ಡಪ್ಪ ಅದನ್ನು ಬದಿಗಿಟ್ಟರು. ಎರಡು ಭಾನುವಾರ ಎಂದೆ. ವಾರಕ್ಕೆ ಒಂದೇ ಭಾನುವಾರ ಇರುವುದು. ಎಲ್ಲೋ ನಾನು ಕೂಡಿಸುತ್ತಿದ್ದೇನೆ.

ಮೂರನೆಯ ವಾರ ಕಂದು. ಅದು ಏಳುವುದು ನಿಧಾನ. ದೊಡ್ಡಪ್ಪ ಒಂದು ಲೋಟ ಕಾಫಿ ಕುಡಿದು ಲೋಟ ತೊಳೆದಿಡುವಷ್ಟು. ಆದರೆ ಪ್ರಿಂಟರ್ ತಂತಿ ಚುಚ್ಚಿದ ಕೂಡಲೇ ತಾನಾಗಿಯೇ ಗುರುತು ಹಿಡಿಯಿತು. ಅಕ್ಷರ ಸರಿಯಾಗಿ ನಿಂತವು. ತಪ್ಪು ಮಾಡಿದರೆ ಗದರದೆ ಹೇಳಿತು. ಒಂದೇ ತೊಂದರೆ, ಕೀಲಿಗಳಲ್ಲಿ ಅಕ್ಷರ ಇದ್ದ ಜಾಗ ಬೇರೆ. ದೊಡ್ಡಮ್ಮನ ಹತ್ತು ಬೆರಳಿಗೆ ಗೊತ್ತಿದ್ದದ್ದು ಟೈಪ್‌ರೈಟರಿನ ಜಾಗಗಳು. ಅವಳು ಒಂದೇ ಬೆರಳಲ್ಲಿ, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ, ಅಕ್ಷರ ಹುಡುಕಬೇಕಾಯಿತು.

ವಾರ ಮುಗಿದಿರಲಿಲ್ಲ. ಸೋಮವಾರ ಹಿರೇಕೊಡಿಗೆ ಕಡೆಯಿಂದ ನಾಲ್ಕು ಜನ ಅವಳ ಮೇಜಿಗೆ ಬಂದರು. ಹಳ್ಳ ದಾಟಲು ಒಂದು ಕಾಲುಸಂಕ ಬೇಕು. ಮಳೆಗಾಲದಲ್ಲಿ ಮಕ್ಕಳು ಶಾಲೆಗೆ ಹೋಗಲು ಸುತ್ತು ಹಾಕಬೇಕು. ಆ ಬದಿಯ ಎಲ್ಲ ಮನೆಗಳ ಹೆಸರು, ಯಜಮಾನರ ಹೆಸರು, ಮನೆಯಲ್ಲಿ ಶಾಲೆಗೆ ಹೋಗುವವರು ಎಷ್ಟು ಎಂದು ಕೈಬರಹದಲ್ಲಿ ಏಳೆಂಟು ಹಾಳೆ ತಂದಿದ್ದರು. ಶುಕ್ರವಾರ ಮೇಲಧಿಕಾರಿ ಬರುತ್ತಾರೆ, ಅಷ್ಟರಲ್ಲಿ ಕೊಡಬೇಕು. ಪಕ್ಕದಲ್ಲೇ ಕಂಪ್ಯೂಟರ್ ಅಂಗಡಿ ಇತ್ತು. ಅವರು ಅಲ್ಲಿಗೆ ಹೋಗಲಿಲ್ಲ. "ಅಲ್ಲಿ ನಾವು ಹೇಳಿದ್ನೇ ಹೊಡೀತಾರೆ. ನೀವಾದ್ರೆ ನಮಗೆ ಬೇಕಾದ್ದು ಹೊಡೀತೀರಿ" ಎಂದರಂತೆ. ದೊಡ್ಡಮ್ಮ ನನಗೆ ಇದನ್ನು ಹೇಳಿದ್ದು ಒಂದೇ ಸಲ, ಬೇರೆಲ್ಲೋ ನೋಡುತ್ತ.

ಮಂಗಳವಾರ ಅವಳು ಮೇಜಿಗೆ ಹೋಗಲಿಲ್ಲ. ಬೆಳಗಿನಿಂದ ಸಂಜೆವರೆಗೆ ಒಂದೇ ಬೆರಳಲ್ಲಿ ಅರ್ಜಿ, ಪಟ್ಟಿ, ಎಲ್ಲವನ್ನೂ ಟೈಪು ಮಾಡಿದಳು. "ಉಳಿಸು" ಎಂಬಲ್ಲಿ ಒತ್ತಿ ಉಳಿಸಿದಳು. ಪ್ರಿಂಟರಿಗೆ ಕಾಗದ ಮುಗಿದಿತ್ತು, ನಾಳೆ ತಂದರಾಯಿತು. ನಾನು ಕಲಿಸಿದ ಹಾಗೆ ಕ್ರಮವಾಗಿ ಕಂಪ್ಯೂಟರ್ ಮುಚ್ಚಿದಳು. ಆಮೇಲೆ ತನ್ನ ಪದ್ಧತಿಯಂತೆ ಏಳೆಂಟು ಹಾಳೆಗಳನ್ನು ಬಚ್ಚಲ ಒಲೆಗೆ ಹಾಕಿ, ಬೆನ್ನುನೋವಿಗೆ ಚೆನ್ನಾಗಿ ಬಿಸಿನೀರು ಹೊಯ್ದುಕೊಂಡಳು.

ಬುಧವಾರ ಬೆಳಿಗ್ಗೆ ಮಾಲೀಕರ ಮನೆಯ ಫೋನಿನಲ್ಲಿ ದೊಡ್ಡಪ್ಪನ ದನಿ.

"ಮಾರಾಯ, ನಿನ್ನೆ ಹೊಡೆದದ್ದು ಎಲ್ಲಿ ಹೋತು?"

"ಎಲ್ಲಿ ಉಳಿಸಿದ್ದು?"

"ಕಂದಿನಲ್ಲಿ."

"ದೊಡ್ಡಪ್ಪ, ಕಂದು ಸಿ.ಡಿ.ಯಿಂದ ಓಡ್ತಾ ಇದ್ದದ್ದು. ಇನ್ನೂ ಇಳಿಸಿಕೊಂಡಿಲ್ಲ. ಬಂದ್ ಮಾಡಿದ್ರೆ ಎಲ್ಲಾ ಹೋಗ್ತದೆ."

"ಹೋಗ್ತದೆ ಅಂದ್ರೆ? ಮಾದರಿ ಅಂದ್ಯಲ್ಲ. ನಾವು ಮಾದರಿ ನೋಡಿದ ಮೇಲೆ ತಟ್ಟೆ ಅಡಿಕೆ ತಿರುಗಿ ಚೀಲಕ್ಕೇ ಸುರೀತೀವಿ. ಒಂದು ಅಡಿಕೇನೂ ಹೊರಗೆ ಬೀಳ್ಬಾರ್ದು. ಹಂಗೇ ಇದೂ ಚೀಲಕ್ಕೆ ಬೀಳ್ತದೆ ಅಂತ ನಾನೇ ಅವಳಿಗೆ ಹೇಳಿದ್ದು."

ಜಗತ್ತಿನಲ್ಲಿ ಎಷ್ಟೋ ಜನ ಆ ಸಿ.ಡಿ.ಗಳನ್ನು ಓಡಿಸಿ ನೋಡಿರಬಹುದು. ಬರೆದದ್ದು ಹೋಗುತ್ತದೆ ಎಂಬ ಎಚ್ಚರಿಕೆ ಎಲ್ಲೋ ಇದ್ದೇ ಇರಬೇಕು. ಆದರೆ ಮಾದರಿ ಎಂಬುದು ತಿರುಗಿ ಚೀಲಕ್ಕೆ ಸೇರಬೇಕಾದ ನ್ಯಾಯ ಎಂದು ನಂಬಿದ ಮನೆಗೆ ಆ ಹೋಲಿಕೆಯನ್ನು ಹೊತ್ತುಕೊಂಡು ಹೋದವನು ನಾನು. ಅಲ್ಲಿ ಯಾರೂ ತಪ್ಪು ಮಾಡಿರಲಿಲ್ಲ. ಹೋಲಿಕೆ ಅರ್ಧ ದಾರಿವರೆಗೆ ಬಂದು ಕೈಬಿಟ್ಟಿತ್ತು.

ರಜೆ ಹಾಕಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳು ಅಳುತ್ತಿರುತ್ತಾಳೆ, ಅಥವಾ ಮೇಜನ್ನು ಜೆರಾಕ್ಸ್‌ನವರಿಗೆ ಬಿಟ್ಟುಕೊಡುವ ಮಾತಾಡುತ್ತಿರುತ್ತಾಳೆ ಎಂದುಕೊಂಡೆ. ಹೋಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು, ಪೆನ್ಸಿಲಿನಲ್ಲಿ ಬರೆಯುತ್ತ ಕೂತಿದ್ದಳು.

"ಮಾತಾಡ್ಸ್‌ಬೇಡ. ನಾನೀಗ ಹಳ್ಳದ ಹತ್ರ ಇದೀನಿ."

ಅವಳು ಆ ಊರಿಗೆ ಹಿಂದೆ ಒಂದೆರಡು ಸಲ ಹೋಗಿದ್ದವಳು. ಈಗ ಮನಸ್ಸಿನಲ್ಲಿ ಬಸ್ಸಿಳಿದು, ಬಲಕ್ಕೆ ಹೊರಳಿ, ಒಂದೊಂದೇ ಮನೆಯ ಬೇಲಿಬಾಗಿಲ ಉಣುಗೋಲು ದಾಟುತ್ತ ಪಟ್ಟಿ ಮಾಡುತ್ತಿದ್ದಳು. ಹೆಸರು ಸಿಗದ ಕಡೆ ಅವರ ಹಳೆಯ ಅರ್ಜಿ ಸಿಗುತ್ತಿತ್ತು. ಇವರದ್ದು ಬಾವಿ ಅರ್ಜಿ. ಇವರದ್ದು ಕರೆಂಟು ಕಂಬದ್ದು. ಈ ಮನೆಯ ಸೊಸೆ ಬಂದಾಗ ಹೆಸರು ಬದಲಾಯಿಸಲು ಬರೆದದ್ದು, ಆಗ ಅವಳು ಆರು ತಿಂಗಳ ಬಸುರಿ. ಅಷ್ಟು ವರ್ಷ ಒಲೆಗೆ ಹಾಕಿದ್ದೆಲ್ಲ ಒಂದೊಂದಾಗಿ ಅವಳ ಬಾಯಲ್ಲಿ ಬರುತ್ತಿತ್ತು. ಯಾರ ಗುಟ್ಟು ಮನೆಯಲ್ಲಿ ಇರಬಾರದು ಎಂದಿದ್ದಳೋ ಅದೆಲ್ಲ ಆ ಮನೆಯಲ್ಲಿ ಮಣೆಯ ಮೇಲೆ ಕೂತಿತ್ತು.

ಇಲ್ಲಿಗೆ ನಿಲ್ಲಿಸಿ, ಅವಳು ಎಲ್ಲ ಮನೆಗಳನ್ನೂ ನೆನಪಿನಿಂದಲೇ ಬರೆದುಬಿಟ್ಟಳು ಎಂದು ಹೇಳಿದರೆ ಕತೆ ಬಹಳ ಚೆನ್ನಾಗಿರುತ್ತದೆ. ನಾನು ಕೆಲವರ ಹತ್ತಿರ ಹಾಗೆ ಹೇಳಿಯೂ ಇದ್ದೇನೆ. ಹಾಗಾಗಲಿಲ್ಲ. ಮುಕ್ಕಾಲು ಪಾಲು ಪಟ್ಟಿಯಾದ ಮೇಲೆ ಪೆನ್ಸಿಲು ಕೆಳಗಿಟ್ಟಳು.

"ನೆನಪಿಂದ ಅರ್ಜಿ ಕೊಡಕ್ಕಾಗದಿಲ್ಲ ಮಾರಾಯ. ನಂಗೆ ಇಷ್ಟು ನೆನಪಾತಲ್ಲ ಅಂತ ಖುಷಿ ಆಗ್ತಾ ಇದೆ. ಖುಷಿ ಆಗ್ತಾ ಇದೆ ಅಂದ್ರೆ ಎಲ್ಲೋ ತಪ್ತಾ ಇದೀನಿ ಅಂತ ಲೆಕ್ಕ. ಹೋಗಿ ಕೇಳ್ಕೊಂಡು ಬರ್ತೀನಿ."

ನೆನಪಿನ ಬಗ್ಗೆ ನನಗಿರುವ ಅನುಮಾನ ಓದಿನಿಂದ ಬಂದದ್ದು ಎಂದು ನಾನು ತಿಳಿದಿದ್ದೆ. ಅಲ್ಲ, ಆ ಅಡುಗೆಮನೆಯ ಬಾಗಿಲಿನಿಂದ ಬಂದದ್ದು.

ಮಧ್ಯಾಹ್ನದ ಬಸ್ಸಿಗೆ ಅವಳೂ ದೊಡ್ಡಪ್ಪನೂ ಹಿರೇಕೊಡಿಗೆ ಕಡೆ ಹೋದರು. ಮನೆಮನೆಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದಳಂತೆ: ಕಂಪ್ಯೂಟರಿನಲ್ಲಿ ಹೊಡೆದದ್ದು ಹೋಯಿತು, ನಿಮ್ಮ ಹಾಳೆ ನಾನು ಸುಟ್ಟೆ. ಒಬ್ಬಳು ಅಜ್ಜಿ, "ನಿಮ್ಮ ಕಂಪ್ಯೂಟರ್ ನುಂಗಿತಾ? ನುಂಗಕ್ಕೆ ನಮ್ಮ ಹಳ್ಳ ಸಾಲ್ತಿರ್ಲಿಲ್ವಾ?" ಎಂದು ನಕ್ಕು, ಮನೆಯವರ ಹೆಸರನ್ನೆಲ್ಲ ಮತ್ತೆ ಹೇಳಿ ಬರೆಸಿದಳಂತೆ. ನೆನಪಿನ ಪಟ್ಟಿಯಲ್ಲಿ ದೊಡ್ಡಮ್ಮ ಎರಡು ಮನೆ ಬಿಟ್ಟಿದ್ದಳು. ಒಂದು ಮನೆಯನ್ನು ಹಳ್ಳದ ಆಚೆಯಿಂದ ಈಚೆಗೆ ತಂದಿದ್ದಳು. "ಇವ್ರಿಗೆ ಸಂಕ ಬೇಡವೇ ಬೇಡ ಅಂತ ಬರ್ದಂಗಾಗ್ತಿತ್ತು" ಎಂದಳು. ಸತ್ತು ಮೂರು ವರ್ಷವಾದ ಯಜಮಾನನೊಬ್ಬನನ್ನು ಬದುಕಿಸಿದ್ದಳು. ಅದನ್ನು ಕೇಳಿ ಆ ಮನೆಯವಳು ಬೈಯಲಿಲ್ಲ. ಒಳಗೆ ಕರೆದು ಕಾಫಿ ಕೊಟ್ಟಳು.

ಅವರು ಅತ್ತ ಹೋದಾಗ ನಾನು ಇತ್ತ ಕಂದನ್ನು ಕಂಪ್ಯೂಟರಿನೊಳಗೆ ಇಳಿಸುತ್ತಿದ್ದೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟುವ ಮೊದಲು ದೊಡ್ಡಪ್ಪ, "ಇಳಿಸು. ಇದೇ ಆಗ್ಬೋದು" ಎಂದಿದ್ದರು. ಲಾರಿಯಿಂದ ಚೀಲ ಇಳಿಸಲು ಹೇಳುವ ದನಿ. ಅಥವಾ ಹೊರಡುವ ಗಡಿಬಿಡಿಯಲ್ಲಿ ಸುಮ್ಮನೆ ಕೈ ಬೀಸಿದ್ದರು. ಕೈ ಬೀಸಿದ್ದಂತೂ ಹೌದು.

ಗುರುವಾರ. ವ್ಯವಸ್ಥೆ ಒಳಗಿತ್ತು, ಮನೆಮನೆಯಿಂದ ಬರೆದು ತಂದ ಹಾಳೆಗಳಿದ್ದವು, ಒಂದೇ ಬೆರಳಿನ ತೊಂದರೆ ಮಾತ್ರ ಉಳಿದಿತ್ತು. ಒಂದೇ ಬೆರಳಲ್ಲಿ ಮತ್ತೊಂದು ದಿನ ಪೂರ್ತಿ ಬೇಕು. ಅದಕ್ಕಿಂತ ದೊಡ್ಡದು, ನಾಳೆ ಈ ಅರ್ಜಿ ಹೇಗೋ ಆದರೂ ನಾಡಿದ್ದು ಬರುವವರಿಗೆ ಹೀಗೆ ಒಂದೊಂದು ದಿನ ಕೊಡಲಾಗುವುದಿಲ್ಲ. ಮೇಜು ಹೋದ ಹಾಗೇ.

ನರಸಿಂಹರಾಜಪುರದ ಗೆಳೆಯನಿಗೆ ಫೋನ್ ಮಾಡಿದೆ. "ಟೈಪ್‌ರೈಟರಿನ ಜಾಗದಲ್ಲೇ ಅಕ್ಷರ ಬರುವ ಥರ ಆಗದಿಲ್ವಾ?"

"ರೆಡಿ ಇದ್ದದ್ದು ಇಲ್ಲ ಅನ್ಸುತ್ತೆ. ಆದ್ರೆ ಯಾವ ಕೀಲಿಗೆ ಯಾವ ಅಕ್ಷರ ಅನ್ನೋದು ಒಂದು ಸಾದಾ ಬರಹದ ಕಡತದಲ್ಲಿರ್ತದೆ. ತೆಗೆದು ನೋಡು. ಬೇಲಿ ಇಲ್ಲ ಅಂತ ನೀನೇ ಭಾಷಣ ಮಾಡ್ತಿದ್ಯಲ್ಲ, ಒಳಗೆ ಹೋಗು ಮಾರಾಯ."

ಹುಡುಕಿ ತೆಗೆದೆ. ಒಂದು ಉದ್ದ ಪಟ್ಟಿ. ಒಂದು ಕಡೆ ಕೀಲಿ, ಇನ್ನೊಂದು ಕಡೆ ಕನ್ನಡ ಅಕ್ಷರ. ಯಾರೋ ಗುರುತಿಲ್ಲದವರು ಕೂತು ಬರೆದು, ಬೇಕಾದವರು ತಿದ್ದಿಕೊಳ್ಳಲಿ ಎಂದು ತೆರೆದಿಟ್ಟು ಹೋಗಿದ್ದರು. ದೊಡ್ಡಮ್ಮನಿಗೆ ತೋರಿಸಿದೆ. ಅವಳು ಒಂದೊಂದೇ ಸಾಲಿಗೆ ಬೆರಳಿಡುತ್ತ ಕೆಳಗಿಳಿದಳು.

"ಇದೂ ಮನೆ ಪಟ್ಟಿನೇ. ಯಾವ ಮನೇಲಿ ಯಾರು ಅಂತ. ಬದಲಾಯಿಸ್ಬೋದಾ?"

"ಬದಲಾಯಿಸ್ಬೋದು. ಯಾವ ಕೀಲಿಗೆ ಯಾವ ಅಕ್ಷರ, ನೀನು ಹೇಳು."

ಅವಳಿಗೆ ಹೇಳಲು ಬರಲಿಲ್ಲ. ನಾನು ಮತ್ತೆ ಕೇಳಿದೆ. 'ಯ' ಎಲ್ಲಿದೆ? ಅವಳು ಗೊಂದಲಪಟ್ಟಳು. ಅಷ್ಟು ವರ್ಷ ಕುಟ್ಟಿದವಳಿಗೆ ಅಕ್ಷರ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಬೆರಳಿಗೆ ಗೊತ್ತಿತ್ತು. ದೊಡ್ಡಪ್ಪನೇ ಎದ್ದು, ಜಗಲಿಯ ಮೇಜಿನಿಂದ ಆಗಲೇ ಮನೆಗೆ ತಂದಿಟ್ಟಿದ್ದ ಟೈಪ್‌ರೈಟರನ್ನು ಹೊತ್ತು ಅವಳ ಮುಂದೆ ಇಟ್ಟರು. ರಿಬ್ಬನ್ ಇಲ್ಲ, ಕಾಗದ ಇಲ್ಲ, ಕೀಲಿಗಳ ಮೇಲಿನ ಅಕ್ಷರವೂ ಸವೆದು ಕಾಣುವಂತಿಲ್ಲ. ಅವಳು ಕೈಗಳನ್ನು ಮೇಲಿಟ್ಟು ಕಣ್ಣುಮುಚ್ಚಿದಳು.

"ಮಾನ್ಯರೇ," ಎಂದು ಗಟ್ಟಿಯಾಗಿ ಹೇಳುತ್ತ ಒತ್ತತೊಡಗಿದಳು. ಯಾವ ಕೀಲಿ ಕೆಳಗೆ ಹೋಯಿತೆಂದು ದೊಡ್ಡಪ್ಪ ಬಗ್ಗಿ ನೋಡಿ ನನಗೆ ಕೂಗುವುದು: "ಮೇಲಿಂದ ಎರಡನೇ ಸಾಲು, ಎಡದಿಂದ ನಾಕು." ನಾನು ಪಟ್ಟಿಯಲ್ಲಿ ತಿದ್ದುವುದು. "ವಿಷಯ," ಎಂದಳು. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ." ಒಂದು ಅರ್ಜಿಯಲ್ಲಿ ಕನ್ನಡದ ಹೆಚ್ಚಿನ ಅಕ್ಷರಗಳು ಬಂದುಬಿಡುತ್ತವೆ. ಬಾರದವಕ್ಕೆ ಅವಳು ಇನ್ನೊಂದು ಅರ್ಜಿ ಹೇಳಿದಳು. 'ಝ' ಬರಲೇ ಇಲ್ಲ. ಯಾರ ಕಷ್ಟದಲ್ಲೂ ಅದು ಬೇಕಾಗಿರಲಿಲ್ಲ ಎಂದು ದೊಡ್ಡಪ್ಪ ನಕ್ಕರು. ಮಹಾಪ್ರಾಣಗಳಿಗೆ ಅವಳ ಕಿರುಬೆರಳು ಚೂರು ಹೆಚ್ಚು ಗಟ್ಟಿಯಾಗಿ ಬೀಳುತ್ತಿತ್ತು. ಒತ್ತಕ್ಷರ ಕೊಡುವ ಕ್ರಮ ಮಾತ್ರ ಹೊಸ ಯಂತ್ರದಲ್ಲಿ ಬೇರೆಯೇ ಆಗಿ ಉಳಿಯಿತು. ಅಷ್ಟಕ್ಕೆ ಬೆರಳೇ ರಾಜಿಯಾಯಿತು.

ಆ ಮಧ್ಯಾಹ್ನದ ಬಗ್ಗೆ ನನಗೆ ಅನುಮಾನವಿಲ್ಲ. ಇಡೀ ಪ್ರಸಂಗದಲ್ಲಿ ಅನುಮಾನವಿಲ್ಲದೆ ಬರೆಯಬಲ್ಲೆ ಎನಿಸುವುದು ಅದೊಂದನ್ನೇ. ಅದಕ್ಕೇ ಹೆದರಿಕೆಯೂ ಇದೆ.

ಮೂರೂವರೆಗೋ ನಾಲ್ಕಕ್ಕೋ ಅವಳು ಕಂಪ್ಯೂಟರಿನ ಮುಂದೆ ಕೂತಳು. ಮೊದಲ ಸಾಲು ಅಳುಕಿ ಅಳುಕಿ. ಎರಡನೆಯದರ ನಡುವೆ ಎಲ್ಲೋ ಹತ್ತು ಬೆರಳೂ ಒಟ್ಟಿಗೆ ಎದ್ದವು. ಆಮೇಲೆ ನಾನು ಚಿಕ್ಕಂದಿನಿಂದ ಆ ಜಗಲಿಯಲ್ಲಿ ಕೇಳಿದ ಓಟ, ಸದ್ದು ಮಾತ್ರ ಚಿಕ್ಕದು. ಸಾಲಿನ ಕೊನೆ ಬಂದಾಗಲೆಲ್ಲ ಅವಳ ಎಡಗೈ ತಾನಾಗಿ ಮೇಲೆದ್ದು, ಟೈಪ್‌ರೈಟರಿನಲ್ಲಿ ಸಾಲು ಬದಲಿಸುತ್ತಿದ್ದ, ಇಲ್ಲಿ ಇಲ್ಲದ ಹಿಡಿಯನ್ನು ತಳ್ಳಲು ಹೋಗಿ, ಗಾಳಿಯಲ್ಲಿ ನಿಂತು, ವ್ಯವಸ್ಥೆ ತಾನೇ ಕೆಳಗಿನ ಸಾಲಿಗೆ ಇಳಿದದ್ದು ನೋಡಿ ವಾಪಸು ಬರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಅರ್ಜಿ, ಪಟ್ಟಿ ಎರಡೂ ಮುಗಿದವು. ಕಾಗದಕ್ಕೆ ಬಂದವು.

ಆಮೇಲೆ ಅವಳು ಕಂಪ್ಯೂಟರ್ ಮುಚ್ಚಿದಳು. ಮತ್ತೆ ಹಾಕಿದಳು. ಕಡತ ಇತ್ತು. ಮತ್ತೆ ಮುಚ್ಚಿ, ಸ್ವಿಚ್ಚನ್ನೂ ತೆಗೆದು, ಒಂದು ಲೋಟ ನೀರು ಕುಡಿದು, ಮತ್ತೆ ಹಾಕಿದಳು. ಇತ್ತು.

"ಚೀಲಕ್ಕೆ ಬಿದ್ದಿದೆ," ಎಂದರು ದೊಡ್ಡಪ್ಪ.

ಶುಕ್ರವಾರ ನಾನಿರಲಿಲ್ಲ, ಕೆಲಸಕ್ಕೆ ಮೊದಲ ಬಸ್ಸಿಗೇ ಹೋಗಿದ್ದೆ. ನಡೆದದ್ದು ಅವಳ ಬಾಯಿಂದ ಕೇಳಿದ್ದು, ಅವಳೂ ಎರಡು ಥರ ಹೇಳಿದ್ದಾಳೆ. ಒಂದರಲ್ಲಿ ಗುಮಾಸ್ತರು ಹಾಳೆ ತಿರುಗಿಸಿ, "ಎಲ್ಲಿ ಹೊಡ್ಸಿದ್ರಿ ಅಮ್ಮ? ಇಷ್ಟು ನೀಟಾಗಿ?" ಎಂದು ಕೇಳಿದರು, ಅವಳು "ಮನೇಲೇ" ಎಂದಳು. ಇನ್ನೊಂದರಲ್ಲಿ ಅವರು ಏನನ್ನೂ ಕೇಳಲಿಲ್ಲ. ಮುದ್ರೆ ಒತ್ತಿ ಒಳಗಿಟ್ಟರು, ಅಷ್ಟೇ. ಅದು ಯಾವಾಗಲೂ ಇದ್ದ ಹಾಗೆ ಮಾಮೂಲಾಗಿತ್ತು, ಅದೇ ಅವಳಿಗೆ ಸಮಾಧಾನವಾಯಿತು. ನನಗೆ ಎರಡನೆಯದು ಹೆಚ್ಚು ಹಿಡಿಸುತ್ತದೆ, ಆದ್ದರಿಂದ ಮೊದಲನೆಯದೇ ನಿಜವಿದ್ದೀತು.

ಮುದ್ರೆ ಬಿದ್ದ ಮೇಲೆ ಅವಳು ಜಗಲಿಗೆ ಹೋಗಿ, ಜಾಗ ಅಳೆಯಲು ಬಂದಿದ್ದ ಜೆರಾಕ್ಸ್‌ನವರಿಗೆ, "ಈ ಮೇಜು ಇಲ್ಲೇ ಇರ್ತದೆ ಕಣಪ್ಪ, ಬೇರೆ ಕಡೆ ನೋಡ್ಕ" ಎಂದಳು. ಇದನ್ನು ಮಾತ್ರ ಒಂದೇ ಥರ ಹೇಳುತ್ತಾಳೆ.

ಅಲ್ಲಿಂದ ಮುಂದೆ ಮೇಜಿನ ಮೇಲೆ ಟೈಪ್‌ರೈಟರ್ ಇರಲಿಲ್ಲ. ಒಂದು ರಟ್ಟು, ಪೆನ್ಸಿಲು, ಖಾಲಿ ಹಾಳೆ. ಹಗಲು ಅಲ್ಲಿ ಕೂತು ಕೇಳುವುದು, ಸಂಜೆ ಮನೆಯಲ್ಲಿ ಹೊಡೆಯುವುದು, ಮರುದಿನ ತಂದು ಕೊಡುವುದು. ಕಂಪ್ಯೂಟರ್ ಅಂಗಡಿಗೆ ಹೋದವರಲ್ಲಿ ಕೆಲವರು ತಿರುಗಿ ಬಂದರು. ಎಲ್ಲರೂ ಬಂದರೆಂದು ನಾನು ಹೇಳುವುದಿಲ್ಲ. ಬಚ್ಚಲ ಒಲೆಗೆ ಕರಡು ಹಾಕುವುದನ್ನು ಅವಳು ಬಿಡಲಿಲ್ಲ. ಆದರೆ ಅದಕ್ಕೆ ಮೊದಲು ಕಂಪ್ಯೂಟರ್ ಮುಚ್ಚಿ, ಒಂದು ಲೋಟ ನೀರು ಕುಡಿದು, ಮತ್ತೆ ಹಾಕಿ ನೋಡುತ್ತಿದ್ದಳು. ಒಲೆಗೆ ಬೆಂಕಿ ಹಚ್ಚಿಟ್ಟು ದೊಡ್ಡಪ್ಪ ಟುವಾಲು ಹೆಗಲಿಗೆ ಹಾಕಿಕೊಂಡು ಬಚ್ಚಲ ಬಾಗಿಲಲ್ಲಿ ಕಾಯುತ್ತ ನಿಂತಿರುತ್ತಿದ್ದರು.

"ಇದೆಯೇನೆ?" ಎಂದು ಅಲ್ಲಿಂದಲೇ ಕೂಗುವರು.

"ತಡೀರಿ, ಇನ್ನೂ ಏಳ್ತಾ ಇದೆ," ಎನ್ನುವಳು ಇವಳು.